ಬಾಕಿ

ಇಪ್ಪತ್ತೇಳು ವರ್ಷ ಈ ಊರನ್ನು
ಬೆನ್ನ ಹಿಂದೆ ಇಟ್ಟುಕೊಂಡೇ ಸುತ್ತಿದವಳು ನಾನು.
ಕಂಡಕ್ಟರಿಗೆ ಕಾಣುವುದು ಊರಲ್ಲ:
ಚಾಚಿದ ಕೈ, ಬೆಳಗಿನ ಮೊದಲ ಟ್ರಿಪ್ಪಿಗೇ ಐನೂರರ ನೋಟು,
ಮೆಟ್ಟಿಲಿಗೆ ಜೋತುಬಿದ್ದ ಕಾಲೇಜು ಹುಡುಗರ ಬೂಟು,
ಹೆಂಗಸರ ಸೀಟಿನಲ್ಲಿ ನಿದ್ದೆ ನಟಿಸುವ ಗಂಡಸು.

"ಅಜ್ಜೀ, ನಿಂಗೆ ಬೆಂಗ್ಳೂರೆಲ್ಲ ಗೊತ್ತಲ್ವಾ, ತೋರ್ಸು"
ಅಂದಳು ಮೊಮ್ಮಗಳು ಇಂಚರ.
ಗೊತ್ತು ಅಂದೆ. ಸುಳ್ಳಲ್ಲ.
ಯಾವ ಸ್ಟೇಜಿಗೆ ಎಷ್ಟು, ನಿದ್ದೆಗಣ್ಣಲ್ಲೂ ಹೇಳಬಲ್ಲೆ.

ಮೆಜೆಸ್ಟಿಕ್ಕಿನಲ್ಲಿ ಹತ್ತಿದೆವು.
ನನ್ನ ಮಗನ ವಯಸ್ಸಿನ ಕಂಡಕ್ಟರು
ಎರಡು ಸೊನ್ನೆ ಟಿಕೆಟ್ ಹರಿದು ಕೊಟ್ಟ.
"ನಾವು ಸೊನ್ನೇನಾ ಅಜ್ಜಿ?"
ಈ ಸೊನ್ನೆ ಆಗಲೇ ಇದ್ದಿದ್ದರೆ
ಗಾರ್ಮೆಂಟ್ಸ್ ಹುಡುಗಿಯರು ಎರಡು ಸ್ಟಾಪು ಮೊದಲೇ ಇಳಿದು
ಬಿಸಿಲಲ್ಲಿ ನಡೆಯುತ್ತಿರಲಿಲ್ಲ, ಎನ್ನಬೇಕೆಂದಿದ್ದೆ.
ಏಳು ವರ್ಷದ ಕೂಸಿಗೆ ಯಾಕೆ ಅದೆಲ್ಲ.
"ಜೋಪಾನ, ಚೆಕಿಂಗ್ ಬರ್ತಾರೆ" ಅಂದೆ.

ಕಿಟಕಿ ಅವಳಿಗೆ.
ಬ್ರೇಕು ಬಿದ್ದಾಗಲೆಲ್ಲ ನನ್ನ ಕೈ
ಕೊರಳಲ್ಲಿಲ್ಲದ ಸೀಟಿಯನ್ನು ಹುಡುಕುತ್ತದೆ.

ವಿಧಾನಸೌಧ ನನಗೆ ದರ ಏರುವ ಜಾಗ,
ಕಂಕುಳ ಫೈಲುಗಳೂ ಕರಿಕೋಟುಗಳೂ ಇಳಿಯುವ ಜಾಗ.
"ವಿಧಾನಸೌಧ ಯಾರ್ರೀ, ಬೇಗ ಇಳೀರಿ"
ಲಕ್ಷ ಸಲ ಕೂಗಿದ್ದೆನೋ ಏನೋ,
ತಲೆಯೆತ್ತಿ ಒಂದು ಸಲ ಕಂಬ ಎಣಿಸಿರಲಿಲ್ಲ.
ಇಂಚರ ಎಣಿಸಿದಳು. ಒಂಬತ್ತಕ್ಕೆ ತಪ್ಪಿತು,
ಮತ್ತೆ ಒಂದರಿಂದ.
ನಾನು ಬೇಲಿಯ ಸರಳು ಹಿಡಿದು ನಿಂತೆ
ಬಸ್ಸಿನಲ್ಲಿ ನಿಲ್ಲುವ ಹಾಗೆಯೇ, ಕಾಲು ಅಗಲಿಸಿ.
ಏನೂ ಅಲುಗಲಿಲ್ಲ.
ಇಷ್ಟು ದೊಡ್ಡದನ್ನು ಇಷ್ಟು ವರ್ಷ
ಯಾರು ಬಚ್ಚಿಟ್ಟಿದ್ದರು ನನ್ನಿಂದ?

"ಮ್ಯೂಸಿಯಮ್ಮಲ್ಲಿ ಡೈನೋಸಾರ್ ಇದ್ಯಂತೆ, ಕೂಗತ್ತಂತೆ,
ನಮ್ ಕ್ಲಾಸ್ ವಿಹಾನ್ ಹೆದ್ರಿ ಅತ್ನಂತೆ."
ಬರ್ತಾ ನೋಡೋಣ, ಅಂದೆ.

ಲಾಲ್‌ಬಾಗಿನ ಬಂಡೆ ಹತ್ತುವಾಗ
ಡಬಲ್ ಡ್ಯೂಟಿ ಕೊಟ್ಟಂತೆ ಗೊಣಗಿದವು ಮಂಡಿಗಳು.
ಉಪ್ಪುಖಾರ ಸವರಿದ ಮಾವಿನಕಾಯಿ ಚೀಪುತ್ತ
ಅವಳು ಗಡಿಗೋಪುರಕ್ಕೆ ಒಂದು ಸುತ್ತು ಬಂದಳು.
"ಒಂದು ಕಾಲಕ್ಕೆ ಊರು ಇಲ್ಲಿಗೇ ಮುಗೀತಿತ್ತಂತೆ ಕಣೆ."
"ಅಂದ್ರೆ ಲಾಸ್ಟ್ ಸ್ಟಾಪಾ?"
"ಹೂಂ, ಲಾಸ್ಟ್ ಸ್ಟಾಪು."
ಅವಳು ಕೆಳಗೆ ನೋಡಿದಳು, ದೂರ, ಇನ್ನೂ ದೂರ,
ಹೊಗೆಯಲ್ಲಿ ಕರಗುವ ನೀರಿನ ಟ್ಯಾಂಕುಗಳ ತನಕ.
"ಮತ್ತೆ ಯಾರೂ ಇಳೀಲೇ ಇಲ್ವಾ?"

ಇಳಿಯಲಿಲ್ಲ ಮಗೂ. ನಾನೇ ಕೂಗಿದ್ದೆನಲ್ಲ,
ಮುಂದೆ ಹೋಗ್ರೀ, ಮುಂದೆ ಜಾಗ ಇದೆ ಹೋಗ್ರೀ ಅಂತ.
ಹೋಗುತ್ತಲೇ ಇದ್ದಾರೆ.
ಮೊದಲ ಸಲ ಊರು ನನಗೆ ಮುಖ ಕೊಟ್ಟು ಕೂತಿತ್ತು,
ನಾನು ಅದಕ್ಕೆ.
ಎಷ್ಟು ಹೊತ್ತು ಕೂತೆವೋ. ಟೈಮ್‌ಕೀಪರ್ ಇರಲಿಲ್ಲ.

ಮ್ಯೂಸಿಯಮ್ಮಿನ ಗೇಟಲ್ಲಿ ವಾಚ್‌ಮನ್
ಬೀಗದ ಗೊಂಚಲನ್ನಷ್ಟೇ ಅಲ್ಲಾಡಿಸಿದ.
ಇಂಚರ ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು.

ಮಡಿವಾಳದಲ್ಲಿ ಒಬ್ಬಳು ಹೀಗೇ ಸುಮ್ಮನೆ ಇಳಿದುಹೋಗಿದ್ದಳು,
ಸೊಂಟದ ಮೇಲೆ ಮಗು, ಟಿಕೆಟ್ಟಿನ ಹಿಂದೆ ನಾನು ಬರೆದ ಮೂವತ್ತೇಳು.
"ಇಳಿಯುವಾಗ ಇಸ್ಕೊಳ್ಳಿ" ಅಂದಿದ್ದೆ.
ಅವಳು ಮರೆತಳು. ನಾನು ಮರೆತಿರಲಿಲ್ಲ,
ಕೂಗಲಿಲ್ಲ, ಅಷ್ಟೆ. ಶಾರ್ಟೇಜು ಇತ್ತು ಆ ದಿನ.

ತುರುಬಿನಿಂದ ಪೆನ್ನು ತೆಗೆದೆ, ಅದೊಂದು ಚಾಳಿ ಬಿಟ್ಟಿಲ್ಲ.
ಅವಳ ಸೊನ್ನೆ ಟಿಕೆಟ್ಟು ಮಗುಚಿ
ಮೊಣಕಾಲ ಮೇಲಿಟ್ಟು ಬರೆದೆ:
ಬಾಕಿ, ಡೈನೋಸಾರ್ ಒಂದು. ಕೆಳಗೆ ನನ್ನ ಸಹಿ, ಸಂಪಂಗಮ್ಮ.

ಅವಳು ಓದಿದಳು, ಬೆರಳಿಟ್ಟು, ಅಕ್ಷರ ಅಕ್ಷರ.
"ಡೇಟ್ ಹಾಕಿಲ್ಲ."
ಇಪ್ಪತ್ತೇಳು ವರ್ಷದಲ್ಲಿ
ಒಬ್ಬ ಪ್ಯಾಸೆಂಜರೂ ಕೇಳಿರಲಿಲ್ಲ.
ಭಾನುವಾರ, ಎಂದು ಬರೆದೆ.
"ಯಾವ ಭಾನುವಾರ?"

ಬಸ್ಸು ಬಂತು.